ಹಿಡಿದು ಕೊಟ್ಟ ನೋವು

ಮಧುಕರನನ್ನು ಕುರ್ಚಿಗೆ ಕೂರಿಸುವ ಹಿಂದಿನ ದಿನ ನಮ್ಮ ಕೇಂದ್ರದ ಗೇಟಿನ ಮುಂದೆ ಆರು ಸಾವಿರ ಜನ ಸೇರಿದ್ದರು. ಹುಬ್ಬಳ್ಳಿಯ ಅರ್ಧ ಅಂಗಡಿಗಳು ಬಾಗಿಲು ಹಾಕಿದ್ದವು. ಹೂ ಮಾರುವವರು, ಆಟೋದವರು, ಕಾಲೇಜು ಹುಡುಗಿಯರು, ಭಜನಾ ಮಂಡಳಿಯ ಮುದುಕರು, ಎಲ್ಲರ ಬಾಯಲ್ಲೂ ಒಂದೇ ಕೂಗು: “ಹತ್ತು ಪಟ್ಟು ಹಾಕ್ರಿ! ನೂರು ಪಟ್ಟು ಹಾಕ್ರಿ!” ಯಾರೋ ಮಧುಕರನ ಮುಖದ ಹುಲ್ಲಿನ ಗೊಂಬೆ ಮಾಡಿ ತಂದಿದ್ದರು. ಅದರ ಕೈಕಾಲು ಕೊಡಲಿಯಿಂದ ಕಡಿದು, ಮುಂಡವನ್ನು ಟೈರಿನ ಮೇಲಿಟ್ಟು ಸುಡುತ್ತಿದ್ದರು. ಆ ಹೊಗೆಯಲ್ಲಿ ಕೆಮ್ಮುತ್ತ ನಾನು ಒಳಗೆ ಹೊರಟಾಗ ಹೆಂಗಸೊಬ್ಬಳು ನನ್ನ ಕೈ ಹಿಡಿದು, “ಅಕ್ಕಾರ, ಗುಂಡಿ ಒತ್ತುವಾಗ ಕೈ ನಡುಗಬಾರದು ನೋಡ್ರಿ” ಎಂದಳು. ನನ್ನ ಕೈ ಅಲ್ಲಿಯವರೆಗೆ ಒಂದು ಸಲವೂ ನಡುಗಿರಲಿಲ್ಲ.

ನನ್ನ ಹೆಸರು ಶಿವಲೀಲಾ. ಪ್ರತಿನೋವು ಕೇಂದ್ರದಲ್ಲಿ ಯಂತ್ರ ನಡೆಸುವ ಕೆಲಸ. ಐದು ವರ್ಷಗಳಲ್ಲಿ ನಲವತ್ತೊಂದು ಜನರನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿ ಒತ್ತಿದ್ದೇನೆ. ಆ ನಲವತ್ತೊಂದರಲ್ಲಿ ಒಬ್ಬರಿಗಾಗಿಯೂ ನನ್ನ ನಿದ್ದೆ ಕೆಟ್ಟಿಲ್ಲ. ಮಕ್ಕಳನ್ನು ಹಿಂಸಿಸಿದವರಿಗೆ ಮರುಗುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಇರುವವರು ಇರಲಿ.

ಯಂತ್ರದ ಸಂಗತಿ ಇಷ್ಟೇ. ದೊಡ್ಡ ನೋವಾದರೆ ಬೆನ್ನುಹುರಿಯ ಜೀವಕೋಶಗಳಲ್ಲಿ ಅದರ ಗುರುತು ಉಳಿಯುತ್ತದೆ. ಮನಸ್ಸು ಮರೆತರೂ ಹುರಿ ಮರೆಯುವುದಿಲ್ಲ. ಕೂಸಿನ ಬೆನ್ನಿಗೆ ಮೆತ್ತಗಿನ ಪಟ್ಟಿ ಕಟ್ಟಿ ಇಪ್ಪತ್ತು ನಿಮಿಷ ಮಲಗಿಸಿದರೆ, ಹುಟ್ಟಿದಂದಿನಿಂದ ಉಂಡ ನೋವುಗಳೆಲ್ಲ ಒಂದರ ಹಿಂದೊಂದು ಪರದೆಯ ಮೇಲೆ ಬರುತ್ತವೆ. ಕೂಸಿಗೆ ಏನೂ ಆಗುವುದಿಲ್ಲ, ನಿದ್ದೆ ಮಾಡಿ ಏಳುತ್ತದೆ. ಆ ನಕಲನ್ನು ಅಪರಾಧಿಯ ಹುರಿಗೆ ಹಾಯಿಸಿದರೆ, ಮೈಮೇಲೆ ಒಂದು ಗೀರೂ ಬೀಳದೆ, ಅವನು ಕೂಸಿಗೆ ಉಣಿಸಿದ್ದನ್ನೆಲ್ಲ ಅವನೇ ಉಣ್ಣುತ್ತಾನೆ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಬಾಯಿಮಾತಿಗೆ ಹೇಳಿದ್ದರು, ನಾವು ಅದಕ್ಕೆ ಕರೆಂಟು ಕೊಟ್ಟೆವು.

ಆಟವಾಡುತ್ತ ಬಿದ್ದು ಮೊಣಕಾಲು ತರಚಿದರೆ ಗೆರೆ ಕಪ್ಪಗೆ ಬರುತ್ತದೆ. ಯಾರಾದರೂ ಕೈಕಾಲು ಅದುಮಿ ಹಿಡಿದು ನೋವು ಕೊಟ್ಟಿದ್ದರೆ, ತಪ್ಪಿಸಿಕೊಳ್ಳಲು ಹೊರಟು ಸೋತ ಸ್ನಾಯುಗಳ ಗುರುತೂ ಜೊತೆಗಿರುವುದರಿಂದ, ಗೆರೆ ಕೆಂಪಗೆ ಬರುತ್ತದೆ. ಬಿದ್ದ ನೋವು ಬೇರೆ, ಹಿಡಿದು ಕೊಟ್ಟ ನೋವು ಬೇರೆ. ಕಾನೂನು ನಿಂತಿರುವುದು ಈ ಕೆಂಪು ಗೆರೆಯ ಮೇಲೆ. ಪ್ರತಿಯೊಂದು ಕೆಂಪು ಗೆರೆಯ ಎದುರು ಕೊಟ್ಟವರ ಹೆಸರು ಬರೆಯಲೇಬೇಕು. ಒಂದು ಗೆರೆಯನ್ನು ಕತ್ತರಿಸಿದರೂ, ಹೆಸರಿಲ್ಲದೆ ಬಿಟ್ಟರೂ, ಇಡೀ ನಕಲು ರದ್ದಾಗಿ ಅಪರಾಧಿ ಎದ್ದು ಮನೆಗೆ ಹೋಗುತ್ತಾನೆ. ಕೊಟ್ಟವರು ಮನೆಯವರೋ ಹೊರಗಿನವರೋ ಎಂಬ ಭೇದವೂ ಇಲ್ಲ. ಆ ಮಾತನ್ನು ಕಾನೂನಿಗೆ ಸೇರಿಸಬೇಕೆಂದು ಒಂಬತ್ತು ದಿನ ರಸ್ತೆ ತಡೆದು ಬಸ್ಸು ಸುಟ್ಟವರಲ್ಲಿ ನಾನೂ ಇದ್ದೆ.

ಮಧುಕರ ಮಾಡಿದ್ದು ಊರಿಗೆಲ್ಲ ಗೊತ್ತು. ಕೂಲಿಗೆ ಹೋಗುವ ತಾಯಂದಿರು ಹಗಲು ಮಕ್ಕಳನ್ನು ಬಿಟ್ಟುಹೋಗುತ್ತಿದ್ದ ಕೂಸಿನಮನೆಗೆ ಅವನು ಮೇಲ್ವಿಚಾರಕ. ಅಳುವ ಮಕ್ಕಳು ಅವನಿಗೆ ಆಗುತ್ತಿರಲಿಲ್ಲ. ಇಕ್ಕಳವನ್ನು ಗ್ಯಾಸಿನ ಮೇಲೆ ಕಾಯಿಸಿ ಅಂಗಾಲಿಗೆ ಒತ್ತುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತು. ಅವನು ಹಾಗೆ ಸುಟ್ಟ ನಾಲ್ಕು ಮಕ್ಕಳಲ್ಲಿ ಒಂದು ನಂಜೇರಿ ಸತ್ತಿತು. ಉಳಿದವರಲ್ಲಿ ಆರು ವರ್ಷದ ತನುಜಾ ಅಂದಿನಿಂದ ಮಾತು ಬಿಟ್ಟಿದ್ದಳು. ಅವಳ ಹುರಿಯ ನಕಲೇ ಮಧುಕರನ ಶಿಕ್ಷೆ ಎಂದು ಕೋರ್ಟು ತೀರ್ಪು ಕೊಟ್ಟಿತ್ತು.

ಶಿಕ್ಷೆಯ ಹಿಂದಿನ ದಿನ ಅವಳನ್ನು ನಕಲಿಗೆ ಕರೆತಂದವಳು ತಾಯಿ ಫಕೀರವ್ವ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು, ಇಪ್ಪತ್ತೇಳರ ಪ್ರಾಯ. ಗಂಡ ಬಿಟ್ಟುಹೋಗಿದ್ದ, ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಮಧುಕರನಿಗೆ ಶಿಕ್ಷೆಯಾಗಬೇಕೆಂದು ಹದಿನೆಂಟು ದಿನ ನಮ್ಮ ಗೇಟಿನ ಮುಂದೆ ಉಪವಾಸ ಕೂತಿದ್ದಳು. ಕೈಯ ಖಾರ ತಾಗೀತೆಂದು ಕೂಸನ್ನು ಮುಟ್ಟುವ ಮೊದಲು ಮೂರು ಸಲ ಸೋಪು ಹಚ್ಚಿ ತೊಳೆದುಕೊಂಡಳು. ಅದನ್ನು ನೋಡಿ ನನಗೆ ಅವಳ ಮೇಲೆ ಪ್ರೀತಿ ಬಂತು.

ಕೂಸು ಮಲಗಿತು. ಪರದೆಯ ಮೇಲೆ ಹತ್ತಾರು ಕಪ್ಪು ಗೆರೆ ಬಂದವು. ಕೊನೆಯಲ್ಲಿ ಕೆಂಪು ಗೆರೆಗಳ ದೊಡ್ಡ ಗೊಂಚಲು, ಅದು ಮಧುಕರನದು. ಆದರೆ ಎಲ್ಲಕ್ಕಿಂತ ಮೊದಲು, ಎರಡು ತಿಂಗಳ ವಯಸ್ಸಿನ ಜಾಗದಲ್ಲಿ, ಇನ್ನೊಂದು ಪುಟ್ಟ ಕೆಂಪು ಗೆರೆ ಇತ್ತು.

ಯಂತ್ರ ಸರಿಯಿದೆಯೋ ಇಲ್ಲವೋ ತಿಳಿಯಲು ನಡೆಸುವವರೇ ನಕಲನ್ನು ಹತ್ತರಲ್ಲೊಂದು ಪಾಲು ತಮ್ಮ ಹುರಿಗೆ ಹಾಯಿಸಿಕೊಳ್ಳುವುದು ನಮ್ಮಲ್ಲಿಯ ರೂಢಿ. ಅಡುಗೆಯವರ ಹಾಗೆ ಅದನ್ನು ‘ರುಚಿ ನೋಡುವುದು’ ಎನ್ನುತ್ತೇವೆ. ಮೊದಲು ಮಧುಕರನ ಗೆರೆ ನೋಡಿದೆ. ಅಂಗಾಲು ಹೊತ್ತಿಕೊಂಡಿತು. ಚರ್ಮ ಇಕ್ಕಳಕ್ಕೆ ಅಂಟಿ ಕಿತ್ತು ಬಂದದ್ದು, ಹಿಮ್ಮಡಿಯಿಂದ ತಲೆಯವರೆಗೆ ಹಾರಿದ ಉರಿ, ಬಾಯಿಗೆ ತುರುಕಿದ ಬಟ್ಟೆಯಲ್ಲಿ ಸಿಕ್ಕಿಬಿದ್ದ ಉಸಿರು, ಎಲ್ಲ ಬಂತು. ಹತ್ತರಲ್ಲೊಂದು ಪಾಲಿಗೇ ನನ್ನ ಹಲ್ಲು ನಾಲಿಗೆ ಕಚ್ಚಿ ರಕ್ತ ಬಂತು. ಅವನನ್ನು ಕೈಯಾರೆ ಕೊಲ್ಲಬೇಕೆನ್ನಿಸಿತು.

ಆಮೇಲೆ ಆ ಹಳೆಯ ಗೆರೆ. ಹೊಕ್ಕುಳ ಮೇಲೆ ಚುರ್ ಎಂದಿತು. ಎರಡು ಕಾಲನ್ನೂ ಯಾರೋ ಒತ್ತಿ ಹಿಡಿದಿದ್ದರು. ಸುಟ್ಟ ಜಾಗಕ್ಕೆ ಯಾರೋ ಬಾಯಿಂದ ಊದಿದರು. ಎಡಕ್ಕೆ ಇನ್ನೊಂದು, ಮತ್ತೆ ಊದಿದರು. ಬಲಕ್ಕೆ ಇನ್ನೊಂದು, ಮತ್ತೆ ಊದಿದರು. ಇಕ್ಕಳದ ಉರಿಗಿಂತ ಇದು ಸಣ್ಣದು, ಆದರೆ ತಡೆಯಲಾಗಲಿಲ್ಲ. ಆರು ವರ್ಷದ ಕೂಸಿಗೆ ನೋವು ಮುಗಿಯುತ್ತದೆಂದು ಗೊತ್ತಿರುತ್ತದೆ. ಎರಡು ತಿಂಗಳ ಕೂಸಿಗೆ ಅದೂ ಗೊತ್ತಿಲ್ಲ. ಅದರ ಪಾಲಿಗೆ ಜಗತ್ತೆಂದರೆ ಆ ಉರಿಯೊಂದೇ. ನಾನು ಪಟ್ಟಿ ಕಿತ್ತೆಸೆದು ನೆಲದ ಮೇಲೆ ಕೂತೆ.

ಹೊಟ್ಟೆ ಉಬ್ಬಿದ, ರಚ್ಚೆ ಹಿಡಿದ ಹಸುಗೂಸುಗಳಿಗೆ ಬಳೆ ಕಾಯಿಸಿ ಬರೆ ಹಾಕುವವರು ನಮ್ಮ ಕಡೆ ಇನ್ನೂ ಇದ್ದಾರೆ. ಆದರೆ ಒಂದೊಂದು ಬರೆಗೂ ನಿಂತು, ರೋಗ ಹಾರಿಹೋಗಲಿ ಎಂದು ಊದುವವಳು ನಾನು ಕಂಡಂತೆ ಒಬ್ಬಳೇ. ಅವಳು ನನ್ನ ಅವ್ವ ಈರವ್ವ. ಹನ್ನೊಂದು ವರ್ಷದವಳಿದ್ದಾಗಿನಿಂದ ಮದುವೆಯಾಗುವವರೆಗೂ ಅವಳ ಪಕ್ಕದಲ್ಲಿ ಕೂತು ನಾನೇ ಎಷ್ಟೋ ಕೂಸುಗಳ ಕಾಲು ಹಿಡಿದಿದ್ದೇನೆ.

ಫಕೀರವ್ವನನ್ನು ಒಳಗೆ ಕರೆದು ಬಾಗಿಲು ಹಾಕಿದೆ.

“ಕೂಸು ಎರಡು ತಿಂಗಳದ್ದಿದ್ದಾಗ ಬರಿ ಹಾಕಿಸಿದ್ದೇನು?”

“ಹೌದ್ರಿ ಅಕ್ಕಾರ. ಹೊಟ್ಟಿ ಉಬ್ಬಿ ಹಾಲು ಕುಡೀಲಾರದಂಗ ಆಗಿತ್ತು. ನಿಮ್ಮ ಅವ್ವಾರ ಕಡೀಗೆ ಒಯ್ದಿದ್ದೆ. ಹಾಕಿದ ಮ್ಯಾಲೆ ಆರಾಮಾತು.”

“ಕಾಲು ಯಾರು ಹಿಡಿದಿದ್ರು?”

“ನಾನ್ರಿ. ಮತ್ಯಾರು ಹಿಡೀತಾರ?” ಅಂದವಳು ನನ್ನ ಮುಖ ನೋಡಿ ನಿಂತುಬಿಟ್ಟಳು. “ಯಾಕ್ರಿ? ಅದು ಔಷಧ ಅಲ್ಲೇನ್ರಿ?”

ನಾನು ಕೆಂಪು ಗೆರೆ ತೋರಿಸಿದೆ, ಕಾನೂನು ಹೇಳಿದೆ. ಹೆಸರು ಬರೆದರೆ ಅವಳೂ ಕುರ್ಚಿಯಲ್ಲಿ ಕೂರಬೇಕು, ನನ್ನ ಅವ್ವನೂ ಕೂರಬೇಕು. ಬರೆಯದಿದ್ದರೆ ಮಧುಕರ ನಾಳೆ ಸಂಜೆಯ ಹೊತ್ತಿಗೆ ಹೊರಗೆ. ಅವಳು ಬಹಳ ಹೊತ್ತು ಪರದೆ ನೋಡಿದಳು. ಓದು ಬಾರದವಳಿಗೆ ಕೆಂಪು ಬಣ್ಣ ಓದಲು ಬರುತ್ತಿತ್ತು.

“ಬರೀರಿ,” ಎಂದಳು. “ನನ್ನ ಹೆಸರು ಬರೀರಿ. ಆದರ ಆ ಸೂಳೆಮಗನ್ನ ಮಾತ್ರ ಬಿಡಬ್ಯಾಡ್ರಿ.”

ಮಧ್ಯಾಹ್ನ ಅವ್ವನ ಮನೆಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೌದಿ ಹೊಲಿಯುತ್ತಿದ್ದಳು. ಎಪ್ಪತ್ತಾರಾದರೂ ಸೂಜಿಗೆ ದಾರ ಪೋಣಿಸಲು ಯಾರ ಸಹಾಯವೂ ಬೇಡ. ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕಳು.

“ನಿಮ್ಮ ಮಷಿನ್ನಿಗೆ ಏನ್ ತಿಳೀತೈತಿ? ಆ ಇಕ್ಕಳದಾಂವ ಸಾಯ್ಲಿ ಅಂತ ಸುಟ್ಟ. ನಾ ಬದುಕ್ಲಿ ಅಂತ ಸುಟ್ಟೀನಿ. ಎರಡೂ ಒಂದ ಆಗ್ತಾವೇನು?”

“ಕೂಸಿಗೆ ಎರಡೂ ಒಂದ ಅವ್ವಾ.”

“ಕೂಸಿಗೆ ಏನ್ ತಿಳೀತೈತಿ? ಹತ್ತು ನಿಮಿಷ ಅತ್ತು ಮಲಗ್ತಾವು. ನಿನ್ನಂಗ ನೆನಪಿಟ್ಟು ಜಗಳಕ್ಕ ಬರೂದಿಲ್ಲ.”

“ಎಷ್ಟು ಕೂಸುಗಳಿಗೆ ಹಾಕೀದಿ?”

“ಎಣಸಾಕ ನಾ ಏನ್ ತೆಂಗಿನಕಾಯಿ ಒಡದೀನೇನು? ಹೆತ್ತವ್ರು ಕೈಮುಗಿದು ತಂದು ಕೊಟ್ರು, ಹಾಕಿದೆ. ಬರಕೋ ನಿನ್ನ ಕಾಗದದಾಗ. ನಾ ಹಾಕಿಲ್ಲ ಅಂತ ಸುಳ್ಳು ಹೇಳೂದಿಲ್ಲ.”

ನನಗೆ ಕೆಟ್ಟ ಸಿಟ್ಟು ಬಂತು. ಆಕೆ ಹೆದರಿದ್ದರೆ, ಅತ್ತಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆ ನಗು ತಡೆಯಲಾಗಲಿಲ್ಲ. ಕಾಗದ ಮುಂದಿಟ್ಟೆ, ಹೆಬ್ಬೆಟ್ಟು ಒತ್ತಿದಳು. ಒಪ್ಪಿಕೊಂಡವರಿಗೆ ವಿಚಾರಣೆಯಿಲ್ಲ, ನೇರ ಕುರ್ಚಿ. ಕೇಂದ್ರಕ್ಕೆ ಮರಳಿ ಎರಡೂ ಹೆಸರು ಬರೆದು ಸಹಿ ಮಾಡಿದೆ. ನಮ್ಮ ಮುಖ್ಯಸ್ಥರಾದ ನಾಡಗೌಡ ಸಾಹೇಬರು ಓದಿ, ಕನ್ನಡಕ ತೆಗೆದು, “ಶಿವಲೀಲಾ, ನಿನಗ ತಲಿ ಸರಿ ಐತೇನವಾ?” ಎಂದು ಕೇಳಿದರು. ಸರಿಯಿದೆ ಎಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮಧುಕರನನ್ನು ತಂದರು. ದಾರಿಯಲ್ಲಿ ವ್ಯಾನಿನ ಗಾಜು ಒಡೆದು ಅವನ ಒಂದು ಕಣ್ಣು ಊದಿಕೊಂಡಿತ್ತು. ಪಟ್ಟಿ ಕಟ್ಟುವಾಗ, “ಮೇಡಂ, ನನಗೂ ಮಕ್ಕಳದಾವ” ಎಂದ. “ಅವಕ್ಕಾದ್ರೂ ಇನ್ನ ಸುಖ ಇರ್ಲಿ” ಎಂದು ಗುಂಡಿ ಒತ್ತಿದೆ. ಆರು ನಿಮಿಷ. ಮೊದಲ ನಿಮಿಷದಲ್ಲೇ ಅವನ ಕೂಗು ಗೋಡೆ ದಾಟಿ ಗೇಟಿನವರೆಗೆ ಹೋಗಿರಬೇಕು, ಹೊರಗೆ ಸೀಟಿ ಹೊಡೆದು ಕುಣಿಯುವುದು ಕೇಳಿಸಿತು. ಕಾಲು ಕಿತ್ತುಕೊಳ್ಳಲು ಎಳೆದ ಎಳೆತಕ್ಕೆ ಕಾಲಿಗೆ ಬಿಗಿದ ಚರ್ಮದ ಪಟ್ಟಿ ಹರಿದು ಪಾದದ ಮೂಳೆ ಲಟಕ್ಕೆಂದಿತು. ಬಾಯಿಂದ ನೊರೆ, ಮೂಗಿನಿಂದ ರಕ್ತ. ಬಟ್ಟೆಯಲ್ಲೇ ಎಲ್ಲ ಆಯಿತು. ಆರು ನಿಮಿಷ ಮುಗಿದಾಗ ಅವನು ಮುದುಡಿ, ತನ್ನ ಹೆಬ್ಬೆರಳು ಚೀಪುತ್ತಿದ್ದ. ನನಗೆ ಸಂತೋಷವಾಯಿತು. ಸುಳ್ಳು ಹೇಳಿ ಏನು ಪ್ರಯೋಜನ?

ಹತ್ತು ಗಂಟೆಗೆ ನಿಯಮದ ಪ್ರಕಾರ ಗೇಟಿನ ಹಲಗೆಯ ಮೇಲೆ ಉಳಿದ ಎರಡು ಹೆಸರು ಬಿದ್ದವು. ಆರು ಸಾವಿರ ಜನ ಅವನ್ನು ಓದಿದರು. ಹೊಟ್ಟೆ ತುಂಬದ ಸಿಟ್ಟು ಇನ್ನೂ ಉಳಿದಿತ್ತು, ಅದಕ್ಕೆ ಈಗ ವಿಳಾಸ ಸಿಕ್ಕಿತು. ಕೂಸಿನೊಂದಿಗೆ ಒಳಗೇ ಇದ್ದ ಫಕೀರವ್ವ ಬಚಾವಾದಳು. ಅವ್ವ ಮನೆಯಲ್ಲಿದ್ದಳು.

ಪೊಲೀಸ್ ಜೀಪಿನಲ್ಲಿ ನಾನು ಓಣಿ ಮುಟ್ಟುವ ಹೊತ್ತಿಗೆ ಅವಳನ್ನು ಹೊರಗೆ ಎಳೆದಿದ್ದರು. ಹೊಲಿಯುತ್ತಿದ್ದ ಕೌದಿ ರಸ್ತೆಯಲ್ಲಿ ಹೊತ್ತಿ ಉರಿಯುತ್ತಿತ್ತು. ಅದೇ ಬೆಂಕಿಯಲ್ಲಿ ಒಬ್ಬ ಸೌಟು ಕಾಯಿಸುತ್ತಿದ್ದ. ಅವ್ವನನ್ನು ಅಂಗಾತ ಕೆಡವಿ ನಾಲ್ವರು ಹಿಡಿದಿದ್ದರು. ಒಂದು ಕಾಲನ್ನು ಹಿಡಿದಿದ್ದವಳು ಮೂಲೆಮನೆಯ ಸುಶೀಲವ್ವ. ಆಕೆಯ ಎರಡು ಮಕ್ಕಳಿಗೂ ಅವ್ವ ಬರೆ ಹಾಕಿದ್ದಳು, ಎರಡನೆಯದರ ಕಾಲು ನಾನು ಹಿಡಿದಿದ್ದೆ, ಆಮೇಲೆ ಆಕೆ ನಮಗೆಲ್ಲ ಹೋಳಿಗೆ ಉಣಿಸಿದ್ದಳು.

“ಸುಶೀಲಕ್ಕಾ, ನಿನ್ನ ಮಕ್ಕಳನ್ನ ನೀನ ತಂದಿದ್ದೆಲ್ಲ!” ಎಂದು ಕೂಗಿದೆ.

“ನನಗೇನ್ ಗೊತ್ತಿತ್ತು? ಈಕಿನ ಹೇಳಿದ್ದು, ಈಕಿನ ಮಾಡಿದ್ದು!” ಎಂದು ಆಕೆ ಅಳುತ್ತ, ಅಳುತ್ತಲೇ ಕಾಲನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು.

ಸೌಟು ಅವ್ವನ ಕೆನ್ನೆಗೆ ಬಿತ್ತು. ಸುಟ್ಟ ವಾಸನೆ ಬಂತು. ನಾನು ಪಕ್ಕದ ಪೊಲೀಸನ ಲಾಠಿ ಕಸಿದು ಸೌಟಿನವನ ಬಾಯಿಗೆ ಬೀಸಿದೆ. ಅವನ ಹಲ್ಲು ರಸ್ತೆಯ ಮೇಲೆ ಬಿದ್ದವು. ಮತ್ತೊಬ್ಬನ ಮೊಣಕೈಗೆ ಹೊಡೆದೆ, ಸುಶೀಲವ್ವನ ಬೆನ್ನಿಗೂ ಹೊಡೆದೆ. ಎಷ್ಟು ಹೊಡೆದೆನೆಂದು ನೆನಪಿಲ್ಲ. ಅವ್ವನನ್ನು ಜೀಪಿಗೆ ಎತ್ತಿ ಹಾಕಿದಾಗ ಆಕೆಯ ಎಡಗೈ ಜೋಲಾಡುತ್ತಿತ್ತು, ಬಳೆ ಒಡೆದು ಮಣಿಕಟ್ಟಿನಲ್ಲಿ ನೆಟ್ಟಿದ್ದವು. ದಾರಿಯುದ್ದಕ್ಕೂ ಕಲ್ಲು ಬಿದ್ದವು.

ಕೇಂದ್ರದ ಗೇಟನ್ನು ಜನ ಅಲುಗಿಸುತ್ತಿದ್ದರು. ನಾಡಗೌಡ ಸಾಹೇಬರ ಮುಖದಲ್ಲಿ ರಕ್ತವಿರಲಿಲ್ಲ.

“ಹೆಬ್ಬೆಟ್ಟು ಒತ್ಯಾಳ. ಇವತ್ತ ಹಾಕಿಬಿಡು. ಹಾಕಿದಿವಿ ಅಂತ ಮೈಕಿನಾಗ ಹೇಳ್ತೀನಿ, ಮಂದಿ ಹೋಗ್ತಾರ. ಇಲ್ಲಂದ್ರ ಒಳಗ ನುಗ್ಗಿ ಇಬ್ಬರನ್ನೂ ಹರದು ಹಾಕ್ತಾರ.”

ಅವರು ಹೇಳಿದ್ದು ನಿಜವಿರಬಹುದು. ಆದರೆ ನಾನು ಅವ್ವನಿಗೆ ಪಟ್ಟಿ ಕಟ್ಟಿದ್ದು ಆ ಮಾತಿಗೆ ಹೆದರಿ ಅಲ್ಲ. ಆಕೆ ನಿನ್ನೆ ನಕ್ಕಿದ್ದಳು. ಆಕೆಗೆ ತಿಳಿಯಲಿ ಎಂಬ ಆಸೆ ನನ್ನೊಳಗೆ ಇತ್ತು. ಜೀಪಿನಲ್ಲಿ ಆಕೆಯ ಸುಟ್ಟ ಕೆನ್ನೆ ನೋಡಿದ ಮೇಲೂ ಆ ಆಸೆ ಹೋಗಿರಲಿಲ್ಲ.

“ಹಾಕು,” ಎಂದಳು ಅವ್ವ. “ಇಷ್ಟು ಬಡಿಸ್ಕೊಂಡೀನಿ, ಅಷ್ಟು ಸಣ್ಣ ಬರಿಗೆ ಅಂಜ್ತೀನೇನು?”

ಆ ಹಳೆಯ ಗೆರೆಯ ಉದ್ದ ಹನ್ನೊಂದು ಸೆಕೆಂಡು. ಗುಂಡಿ ಒತ್ತಿದೆ.

ಮಧುಕರ ಕೂಗಿದ ಹಾಗೆ ಅವ್ವ ಕೂಗಲಿಲ್ಲ. ಅವಳ ಮುಖದಿಂದ ಅವಳೇ ಹೊರಟುಹೋದಳು. ಬಾಯಿ ತೆರೆಯಿತು, ಉಸಿರು ಒಳಗೆ ಹೋಗಿ ಅಲ್ಲೇ ನಿಂತಿತು, ಮೈ ನೀಲಿಗಟ್ಟಿತು. ಆಮೇಲೆ ಎಪ್ಪತ್ತಾರು ವರ್ಷದ ಗಂಟಲಿನಿಂದ ಹಸುಗೂಸಿನ ಅಳು ಬಂತು. ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಮುರಿದ ಕೈಯನ್ನೇ ಗಾಳಿಯಲ್ಲಿ ಬೀಸಿ ಏನನ್ನೋ ಹುಡುಕಿದಳು. ನಾನು ಬೆರಳು ಕೊಟ್ಟೆ, ಹಿಡಿದುಕೊಂಡಳು. ಹನ್ನೊಂದು ಸೆಕೆಂಡು ಮುಗಿದ ಮೇಲೂ ಬಿಡಲಿಲ್ಲ.

ಅಳು ನಿಂತ ಮೇಲೆ ಮಾತು ಬಂತು.

“ಲೀಲಾ, ಇದು ಹಿಂಗಿರ್ತೈತೇನು?”

“ಹೂಂ.”

“ಮತ್ತ ಯಾರೂ ನನಗ ಯಾಕ ಹೇಳಲಿಲ್ಲ?”

“ಹೇಳ್ತಿದ್ವು ಅವ್ವಾ. ಅಳ್ತಿದ್ವಲ್ಲ.”

 ಅವ್ವ ಒಂದೊಂದೇ ಹೆಸರು ಹೇಳತೊಡಗಿದಳು. ಬಡಿಗೇರ ಮನೆಯ ಕೂಸು. ನೀರಿನ ಟಾಕಿ ಹತ್ತಿರದ ಜೋಡಿ ಕೂಸು. ಸುಶೀಲನ ಎರಡು. ಎಣಿಸಿಲ್ಲ ಎಂದಿದ್ದಳು, ಎಲ್ಲ ನೆನಪಿದ್ದವು. ನನಗೆ ಕೇಳಲಾಗದೆ ಹೊರಗೆ ಬಂದೆ.

ಹೊರಗೆ ಬೆಂಚಿನ ಮೇಲೆ ಫಕೀರವ್ವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಗೋಡೆಯಾಚೆಯ ಅಳು ಅವಳಿಗೆ ಕೇಳಿಸಿತ್ತು. “ನಂದು ಈಗೇನ್ರಿ?” ಎಂದು ಎದ್ದಳು. ತನುಜಾ ತಾಯಿಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಬಿಡಲಿಲ್ಲ.

“ಬಿಡವಾ ಚಿನ್ನ. ಒಂದು ಗಳಿಗಿ ಅಷ್ಟ,” ಎಂದು ಫಕೀರವ್ವ ಬೆರಳು ಬಿಡಿಸಲು ನೋಡಿದಳು. ಆಗಲಿಲ್ಲ. ಸಾಹೇಬರು ಮೈಕಿನಲ್ಲಿ ಹೇಳಿದರೂ ಹೊರಗೆ ಗೇಟಿನ ಸದ್ದು ಜೋರಾಗುತ್ತಿತ್ತು. ಹೆಣ್ಣು ಪೊಲೀಸಿನವಳು ಅವಸರದಲ್ಲಿ ಬಂದು ಕೂಸಿನ ಮಣಿಕಟ್ಟು ಹಿಡಿದಳು. “ಅಕ್ಕಾರ, ಕಾಲು ನೀವು ಹಿಡೀರಿ, ಒದೀತೈತಿ,” ಎಂದಳು. ನಾನು ಹಿಡಿದೆ.

ಕೂಸು ಒದೆಯಲಿಲ್ಲ. ಅಳಲೂ ಇಲ್ಲ. ಮೈಯೆಲ್ಲ ಸೆಟೆದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಹಲ್ಲು ಕಚ್ಚಿ ಕಾಯತೊಡಗಿತು. ಮುಂದೇನು ಬರುತ್ತದೆ ಎಂದು ಅದಕ್ಕೆ ಗೊತ್ತಿತ್ತು. ನನ್ನ ಎರಡೂ ಅಂಗೈಯಲ್ಲಿ ಆ ಅಂಗಾಲಿನ ಗಂಟುಗಂಟು ಕಲೆಗಳಿದ್ದವು. ನನ್ನ ಕೈ ನಡುಗಿತು.

“ಬಿಡು!” ಎಂದು ಕಿರುಚಿದೆ. ಪೊಲೀಸಿನವಳು ಹೆದರಿ ಕೈ ತೆಗೆದಳು.

ಒಳಗೆ ಹೋಗಿ ತನುಜಾಳ ನಕಲನ್ನು ಪೂರ್ತಿ ಅಳಿಸಿದೆ. ನಕಲಿಲ್ಲದೆ ಫಕೀರವ್ವನನ್ನು ಕುರ್ಚಿಗೆ ಕೂರಿಸುವಂತಿಲ್ಲ. ಮಧುಕರನ ಶಿಕ್ಷೆ ಆಗಿಹೋಗಿತ್ತು, ಅದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು. ನಕಲು ಅಳಿಸಿದವರಿಗೆ ಏಳು ವರ್ಷ ಜೈಲು. “ಏನ್ ಮಾಡಿದಿ!” ಎಂದು ನಾಡಗೌಡ ಸಾಹೇಬರು ತಲೆ ಹಿಡಿದುಕೊಂಡರು. 

“ಹಿತ್ತಲ ಬಾಗಿಲಿಂದ ಹೋಗು,” ಎಂದು ಫಕೀರವ್ವನಿಗೆ ಹೇಳಿದೆ. “ಊರು ಬಿಡು. ಬ್ಯಾರೆ ಎಲ್ಲಾರ ಕೆಲಸ ನೋಡ್ಕೋ.”

“ನಾ ಮಾಡಿದ್ದು?”

“ನೀ ಮಾಡಿದ್ದು ನಿನಗ ಗೊತ್ತಾತಲ್ಲ. ಕೂಸು ಮುಂಜಾನಿಂದ ಏನೂ ತಿಂದಿಲ್ಲ. ಮೊದಲ ಅದಕ್ಕ ಉಣಿಸು.”

ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಓಡಿದಳು. ಅವಳು ಹಿತ್ತಲು ದಾಟುವುದಕ್ಕೂ ಮುಂದಿನ ಗೇಟು ಮುರಿದು ಬೀಳುವುದಕ್ಕೂ ಸರಿಹೋಯಿತು. ಮೆಟ್ಟಿಲ ಮೇಲೆ ನೂರಾರು ಕಾಲುಗಳ ಸದ್ದು ಬರುತ್ತಿತ್ತು. ನಾನು ಅವ್ವನಿದ್ದ ಕೋಣೆಗೆ ಹೋಗಿ ಚಿಲಕ ಹಾಕಿದೆ. ಆಕೆ ಇನ್ನೂ ಹೆಸರು ಹೇಳುತ್ತಿದ್ದಳು. ಪಟ್ಟಿ ಬಿಚ್ಚಿ, ಆಕೆಯ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತೆ.